ಬಾಗಿಲ ಹೊರಗೆ ಕಳೆದ ಬೇಸಿಗೆ

ರಾಜ್ಯಶಾಸ್ತ್ರದ ಬೋಧನೆಯಲ್ಲಿ ಹೆಸರು ಮಾಡಿದವರ ಸಾಲು ದೊಡ್ಡದು. ಉದ್ಗ್ರಂಥಗಳನ್ನು ಬರೆದವರಿದ್ದಾರೆ, ಸಿದ್ಧಾಂತಗಳನ್ನು ಕಟ್ಟಿದವರಿದ್ದಾರೆ, ಚುನಾವಣೆಯ ದಿನ ಟಿ.ವಿ.ಯಲ್ಲಿ ಕುಳಿತು ಮರುದಿನವೇ ಸುಳ್ಳಾಗುವ ಭವಿಷ್ಯವನ್ನು ಗಂಭೀರವಾಗಿ ನುಡಿದವರೂ ಇದ್ದಾರೆ. ಆದರೆ ಇಪ್ಪತ್ತರ ಹರೆಯದ ಮಕ್ಕಳನ್ನು ಅಧಿಕಾರದ ಕೋಣೆಗಳಿಗೆ ಕಳುಹಿಸಿ, ಅವರು ಅಲ್ಲಿಂದ ಬೆನ್ನು ಬಗ್ಗಿಸದೆ ಹಿಂದಿರುಗುವಂತೆ ನೋಡಿಕೊಂಡವರು ಯಾರೆಂದು ಕೇಳಿದರೆ, ನಮ್ಮ ವಿಶ್ವವಿದ್ಯಾಲಯದ ಸಾರ್ವಜನಿಕ ವ್ಯವಹಾರಗಳ ಸಂಸ್ಥೆಯಲ್ಲಿ ಎಲ್ಲರ ಬೆರಳೂ ಮೆಟ್ಟಿಲ ಪಕ್ಕದ ಒಂದು ಕಿರುಕೋಣೆಯ ಕಡೆಗೇ ತಿರುಗುತ್ತದೆ. ಈ ತಿಂಗಳು ನಿವೃತ್ತರಾಗುತ್ತಿರುವ ಬೇಸಿಗೆ ಇಂಟರ್ನ್‌ಶಿಪ್ ಸಂಯೋಜಕರು ಇಷ್ಟು ಕಾಲ ಕುಳಿತು ಕೆಲಸ ಮಾಡಿದ್ದು ಅಲ್ಲಿ. ಅವರ ನೇಮಕದ ಆದೇಶದಲ್ಲಿ ‘ಹಂಗಾಮಿ’ ಎಂಬ ಪದವಿತ್ತು. ಅದನ್ನು ತೆಗೆಯಲು ಆಡಳಿತಕ್ಕೆ ಬಹುಕಾಲ ಪುರುಸೊತ್ತಾಗಲಿಲ್ಲ, ತೆಗೆಯಿರೆಂದು ಅಂಗಲಾಚುವುದು ಅವರ ಜಾಯಮಾನದಲ್ಲಿರಲಿಲ್ಲ. ಕಾಯಂ ನಿರ್ದೇಶಕರು ಒಬ್ಬರಾದ ಮೇಲೊಬ್ಬರು ಬಂದು ಹೋದರು, ‘ಹಂಗಾಮಿ ಮೇಡಂ’ ಮಾತ್ರ ಅಲ್ಲಿಯೇ ಉಳಿದರು. ಆ ಹೆಸರಿಟ್ಟವರು ವಿದ್ಯಾರ್ಥಿಗಳು. ಅದನ್ನು ಕೇಳಿ ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಡಂ ಅವರೇ.

ಅವರು ಸೇರಿದಾಗ ಬೇಸಿಗೆ ಇಂಟರ್ನ್‌ಶಿಪ್ ಎಂದರೆ ಪರೀಕ್ಷೆ ಮುಗಿಸಿದ ಮಕ್ಕಳು ಎರಡು ತಿಂಗಳು ಯಾವುದಾದರೂ ಶಾಸಕರ ಕಚೇರಿಯಲ್ಲಿ ಕುಳಿತು, ಚಹಾದ ಲೋಟ ಎತ್ತಿಟ್ಟು, ಸಾಹೇಬರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು, ಪದವಿಗೆ ಬೇಕಾದ ಅಂಕಗಳೊಂದಿಗೆ ಮರಳುವುದಾಗಿತ್ತು. ಮೇಡಂ ಅದಕ್ಕೆ ಕೆಲಸದ ರೂಪ ಕೊಟ್ಟರು. ಅವರ ಕೋಣೆಯಲ್ಲಿ ಸಂಪರ್ಕ ಕಡಿದುಹೋದ ಹಳೆಯ ಫೋನೊಂದಿತ್ತು. ಕಚೇರಿಗೆ ಹೋಗುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಅದನ್ನು ಎತ್ತಿ ಮಾತಾಡಬೇಕು. ಮೇಜಿನ ಈಚೆಗೆ ಮೇಡಂ ಸಿಟ್ಟಿಗೆದ್ದ ಮುದುಕನಾಗಿ ಕುಳಿತಿರುತ್ತಿದ್ದರು.

“ನಲ್ಲೀಲಿ ನೀರು ಬಂದು ಮೂರು ದಿನ ಆಯ್ತು. ನಿಮ್ಮ ಸಾಹೇಬ್ರು ಇವತ್ತು ಸ್ನಾನ ಮಾಡಿದ್ರಾ?”

“ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ, ಸರ್.”

“ಅವರೆಲ್ಲಿದ್ದಾರೆ ಅಂತ ನಾನು ಕೇಳ್ಲಿಲ್ಲ ಕಣಪ್ಪಾ. ನನ್ನ ನೀರೆಲ್ಲಿದೆ ಹೇಳು.”

ಆ ಫೋನಿನ ಮುಂದೆ ಬೆವತು ನೀರಾದವರು ಇಂದು ದೊಡ್ಡ ದೊಡ್ಡ ಹುದ್ದೆಗಳಲ್ಲಿದ್ದಾರೆ. ಕರೆ ಮಾಡಿದವರ ಹೆಸರನ್ನು ಮೊದಲು ಕೇಳಬೇಕೆಂದು ಅಲ್ಲಿ ಕಲಿತ ಅಭ್ಯಾಸ ಅವರಲ್ಲಿ ಕೆಲವರಿಗಾದರೂ ಉಳಿದಿದೆ.

ಅವರ ಅಂತಃಕರಣ ಎಂಥದೆಂಬುದಕ್ಕೆ ಒಂದೇ ಪ್ರಸಂಗ ಸಾಕು. ಶಾಸಕರ ಪರವಾಗಿ ಮದುವೆಯ ಮನೆಗೆ ಶುಭಾಶಯ, ಸಾವಿನ ಮನೆಗೆ ಸಾಂತ್ವನ ಕಳುಹಿಸುವ ಕೆಲಸ ಒಬ್ಬ ವಿದ್ಯಾರ್ಥಿಗೆ ಬಿದ್ದಿತ್ತು. ಅವಸರದಲ್ಲಿ ಅವನು ಎರಡು ಲಕೋಟೆಗಳನ್ನು ಅದಲುಬದಲು ಮಾಡಿದ. ಗಂಡನನ್ನು ಕಳೆದುಕೊಂಡ ಹಿರಿಯಾಕೆಗೆ ‘ನಿಮ್ಮ ಸಂಭ್ರಮದಲ್ಲಿ ನಾವೂ ಭಾಗಿ’ ಎಂಬ ಪತ್ರ ತಲುಪಿತು. ಹುಡುಗ ಊರು ಬಿಟ್ಟು ಹೋಗುತ್ತೇನೆಂದು ಅಳುತ್ತ ಕುಳಿತ. ಮೇಡಂ ಅವನನ್ನು ಗದರಿಸಲಿಲ್ಲ, ಬೇರೆ ಪತ್ರ ಬರೆಸಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಅವನ ಜೊತೆ ಆ ಮನೆಗೆ ನಡೆದರು. “ಅವರಿದ್ದಿದ್ರೆ ಇದನ್ನ ಓದಿ ಹೊಟ್ಟೆ ಹಿಡ್ಕೊಂಡು ನಗ್ತಿದ್ರು ಮಗಾ,” ಎಂದು ಆ ಹಿರಿಯಾಕೆ ತಾನೇ ಹುಡುಗನನ್ನು ಸಮಾಧಾನ ಮಾಡಿದರು. ಮದುವೆಯ ಮನೆಯಲ್ಲಿ ಮಾತ್ರ ವಧುವಿನ ತಾಯಿ ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿ ಚೆನ್ನಾಗಿ ಜಾಡಿಸಿದರು. ಮೇಡಂ ಅದನ್ನೂ ಅವನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು.

ಆದರೆ ಅವರ ಬದುಕಿನ ನಿಜವಾದ ಕೆಲಸವೆಂದರೆ ಅವರು ಕಟ್ಟಿದ ವಿದ್ಯಾರ್ಥಿ ಮಂಡಳಿ. ಅಧ್ಯಕ್ಷರನ್ನು ವಿದ್ಯಾರ್ಥಿಗಳೇ ಮತ ಹಾಕಿ ಆರಿಸಬೇಕು. ಯಾರು ಯಾವ ಕಚೇರಿಗೆ ಹೋಗಬೇಕೆಂಬುದನ್ನು ಆ ಮಂಡಳಿಯೇ ಎಲ್ಲರೆದುರು ತೀರ್ಮಾನಿಸಬೇಕು. ಬೇಸಿಗೆಯ ಕೊನೆಗೆ ‘ವರದಿ ಸಂಜೆ’ ನಡೆದಾಗ ವಿದ್ಯಾರ್ಥಿಗಳು ವೇದಿಕೆಯ ಮೇಲೆ, ಶಾಸಕರು ಕೆಳಗಿನ ಬೆಂಚುಗಳ ಮೇಲೆ ಕೂರಬೇಕು. ಅಧ್ಯಕ್ಷರ ಅಪ್ಪಣೆಯಿಲ್ಲದೆ ಅಲ್ಲಿ ಯಾರೂ ಬಾಯಿ ಬಿಡುವಂತಿಲ್ಲ, ನಿರ್ದೇಶಕರಾದರೂ ಕೈ ಎತ್ತಿಯೇ ಮಾತಾಡಬೇಕು. ಒಬ್ಬ ನಿರ್ದೇಶಕರು ಕೈ ಎತ್ತಲೊಲ್ಲದೆ ತಮ್ಮ ಅವಧಿ ಪೂರ್ತಿ ಮೌನವಾಗಿ ಕುಳಿತರು. ಸಂಸ್ಥೆ ಆ ವರ್ಷಗಳಲ್ಲಿ ಚೆನ್ನಾಗಿಯೇ ನಡೆಯಿತು.

ಇನ್ನು ಮೇಡಂ ಒಬ್ಬ ಶಾಸಕರನ್ನು ಎದುರುಹಾಕಿಕೊಂಡ ಎರಡು ಬೇಸಿಗೆಗಳ ವಿಷಯ. ಈ ಅಭಿನಂದನ ಸಂಪುಟದ ಸಂಪಾದಕ ಮಂಡಳಿಯಲ್ಲಿ, ಶುಭ ಸಂದರ್ಭದಲ್ಲಿ ಹಳೆಯ ಜಗಳ ಏಕೆ, ಅದನ್ನು ಬಿಟ್ಟುಬಿಡೋಣ ಎಂಬ ಮಾತು ಬಂದಿತ್ತು. ಅದನ್ನು ಬಿಟ್ಟರೆ ಈ ಅಭಿನಂದನೆ ಯಾರಿಗೆ ಬೇಕಾದರೂ ಹೊಂದುವ ಬಾಡಿಗೆಯ ಶಾಲಾಗುತ್ತದೆ. ಆದ್ದರಿಂದ ಬಿಡುವ ಮಾತಿಲ್ಲ.

ಮೊದಲನೆಯ ಬೇಸಿಗೆಯ ವರ್ಷ ವಿದ್ಯಾರ್ಥಿ ಮಂಡಳಿಯ ಅಧ್ಯಕ್ಷೆಯಾಗಿ ಆರಿಸಿಬಂದವಳು ಬೇಕರಿ ನಡೆಸುವವರ ಮಗಳು. ಮೆಲುದನಿಯ ಹುಡುಗಿ, ಆದರೆ ಹಿಡಿದದ್ದನ್ನು ಬಿಡುವವಳಲ್ಲ. ಅವಳಿಗೆ ಸಿಕ್ಕಿದ್ದು ಸಂಸ್ಥೆಯ ಸಲಹಾ ಸಮಿತಿಯಲ್ಲೂ ಇದ್ದ, ಎಲ್ಲರೂ ಹೆದರುತ್ತಿದ್ದ ಒಬ್ಬ ಶಾಸಕರ ಕಚೇರಿ. ಜನರು ತಂದುಕೊಡುವ ಅರ್ಜಿಗಳನ್ನು ವಿಂಗಡಿಸುವ ಕೆಲಸ ಅವಳದು. ಅರ್ಜಿದಾರರ ಬೀದಿಯವರು ಕಳೆದ ಚುನಾವಣೆಯಲ್ಲಿ ಸಾಹೇಬರನ್ನು ಗೆಲ್ಲಿಸಿದ್ದರೆ ಅರ್ಜಿ ಮೇಜಿನ ಮೇಲೆ. ಸೋಲಿಸಿದ್ದರೆ ಮೇಜಿನ ಕೆಳಗಿನ ಪೆಟ್ಟಿಗೆಗೆ. ಆ ಪೆಟ್ಟಿಗೆ ವಾರಕ್ಕೊಮ್ಮೆ ರದ್ದಿಗೆ ಹೋಗುತ್ತಿತ್ತು. ಬೇಸಿಗೆ ಮುಗಿದಾಗ ಅವಳು ಮೇಡಂ ಅವರ ಕೋಣೆಗೆ ಬಂದಳು.

“ಮೇಡಂ, ಇದನ್ನ ವರದಿ ಸಂಜೇಲಿ ಹೇಳ್ಲಾ, ಬೇಡ್ವಾ?”

“ನೀನೇ ಕಂಡಿದ್ದಾ, ಯಾರಾದ್ರೂ ಹೇಳಿದ್ದಾ?”

“ನಾನೇ ವಿಂಗಡಿಸಿದ್ದು ಮೇಡಂ. ಎರಡು ವಾರ ಮಾಡ್ದೆ. ಆಮೇಲೆ ನನ್ನ ಕೈಲಾಗಲ್ಲ ಅಂದೆ.”

“ಹಾಗಾದ್ರೆ ಅದನ್ನೂ ಹೇಳು. ಮೊದಲು ನೀನು ಮಾಡಿದ್ದು, ಆಮೇಲೆ ಅವರು ಮಾಡಿಸಿದ್ದು.”

ಅವಳು ಹಾಗೆಯೇ ಹೇಳಿದಳು. ಕೆಳಗಿನ ಬೆಂಚಿನಿಂದ ಶಾಸಕರು ದಡಕ್ಕನೆ ಎದ್ದು “ಸುಳ್ಳು! ಹಸಿ ಸುಳ್ಳು!” ಎಂದು ಕೂಗಿದರು. ಹುಡುಗಿ, “ಸರ್, ಕೈ ಎತ್ತಿ. ನಿಮಗೂ ಸರದಿ ಕೊಡ್ತೀನಿ,” ಎಂದಳು. ಶಾಸಕರು ಕೈ ಎತ್ತಲಿಲ್ಲ. ಹಿಂಬಾಲಕರನ್ನು ಕಟ್ಟಿಕೊಂಡು ಹೊರನಡೆದರು.

ಮರುದಿನ ನಿರ್ದೇಶಕರು ಮೇಡಂ ಅವರನ್ನು ಕರೆಸಿದರು. “ಆ ಹುಡುಗೀನ ಅಧ್ಯಕ್ಷ ಸ್ಥಾನದಿಂದ ಇಳಿಸಿ, ಒಂದು ಕ್ಷಮಾಪಣೆ ಬರೆಸಿ. ಇಲ್ಲಾಂದ್ರೆ ಮುಂದಿನ ಬೇಸಿಗೇಲಿ ಒಂದು ಕಚೇರೀನೂ ನಮ್ಮ ಮಕ್ಕಳನ್ನ ಒಳಗೆ ಬಿಡಲ್ಲ.”

“ಇಳಿಸ್ಬೇಕಾದ್ರೆ ಅವಳಿಗೆ ಮತ ಹಾಕಿದವರನ್ನ ಕೇಳಿ ಸರ್. ಎಲ್ಲಾ ಕ್ಲಾಸಲ್ಲೇ ಇದ್ದಾರೆ. ಕರೀಲಾ?”

“ನೀವಿನ್ನೂ ಹಂಗಾಮಿ ಅನ್ನೋದು ನೆನಪಿರ್ಲಿ.”

“ಮರೆಯೋದು ಹೇಗೆ ಸರ್, ಮಕ್ಕಳು ದಿನಾ ಹಾಗೇ ಕರೀತಾರೆ.”

ಹೀಗೆ ಉತ್ತರಿಸಿ ಬಂದವರಿಗೆ ಹೆದರಿಕೆ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಕಚೇರಿಗಳ ಬಾಗಿಲು ಮುಚ್ಚಿದರೆ ಮುಂದಿನ ತಂಡದ ಅಷ್ಟೂ ಮಕ್ಕಳ ಪದವಿ ನಿಲ್ಲುತ್ತದೆ. ತೆರೆಸಬೇಕೆಂದರೆ ಒಬ್ಬಳನ್ನು ಬಲಿ ಕೊಡಬೇಕು. ಮನೆಯಲ್ಲಿ ಬಟಾಣಿ ಸುಲಿಯುತ್ತ ಕುಳಿತಿದ್ದ ಅಕ್ಕನ ಮುಂದೆ ಅವರು ಎಲ್ಲವನ್ನೂ ಹೇಳಿ, “ಕೆಲಸ ಹೋಗ್ಬೋದು ಕಣಕ್ಕಾ,” ಎಂದರು. ನರ್ಸಾಗಿ ಜೀವ ಸವೆಸಿದ್ದ ಅಕ್ಕ ತಲೆ ಕೂಡ ಎತ್ತಲಿಲ್ಲ. “ಹೋದ್ರೆ ಹೋಗ್ಲಿ ಬಿಡೇ, ಇಬ್ರಿಗೂ ಸಾಕಾಗೋಷ್ಟು ಅನ್ನ ಇದೆ. ಆದ್ರೆ ಆ ಮಗು ಕೈಲಿ ಕ್ಷಮೆ ಕೇಳ್ಸಿ ಬಂದ್ಯೋ, ಈ ಮನೇಲಿ ನಿನಗೆ ಊಟ ಇಲ್ಲ!” ಆ ರಾತ್ರಿ ಮೇಡಂ ಹೊಟ್ಟೆ ತುಂಬ ಉಂಡರು.

ನಿರ್ದೇಶಕರ ಮಾತು ಸುಳ್ಳಾಗಲಿಲ್ಲ. ಮುಂದಿನ ಬೇಸಿಗೆ ಹತ್ತಿರ ಬಂದಂತೆ ಒಂದೊಂದೇ ಕಚೇರಿಯಿಂದ ‘ಈ ಬಾರಿ ಜಾಗವಿಲ್ಲ’ ಎಂಬ ಉತ್ತರ ಬಂತು. ಮಂಡಳಿಯ ಸಭೆಯಲ್ಲಿ ಸಹಪಾಠಿಗಳೇ ಹುಡುಗಿಯ ಮೇಲೆ ಹರಿಹಾಯ್ದರು. “ನೀನು ಹೀರೋಯಿನ್ ಆದೆ, ನಮ್ಮ ಡಿಗ್ರಿ ಹಳ್ಳ ಹಿಡೀತು,” ಎಂದು ಒಬ್ಬ ನೇರವಾಗಿಯೇ ಅಂದ. ಅವಳು ರಾಜೀನಾಮೆ ಕೊಡುತ್ತೇನೆ ಎಂದಳು. ಹಿಂದಿನ ಬೆಂಚಿನಲ್ಲಿದ್ದ ಮೇಡಂ ಕೈ ಎತ್ತಿದರು. ಅವಳು ಕಣ್ಣೊರೆಸಿಕೊಂಡು ತಲೆಯಾಡಿಸುವವರೆಗೂ ಎತ್ತಿದ ಕೈಯನ್ನು ಇಳಿಸಲಿಲ್ಲ.

“ಒಳಗೆ ಬಿಡಲ್ಲ ಅಂದ್ರೆ ಹೊರಗೆ ಕೂರೋಣ,” ಎಂದರು. “ಫುಟ್‌ಪಾತೇನು ಅವರಪ್ಪಂದಲ್ಲ. ಜನ ಬರೋದು ಬಾಗಿಲಿಗೇ ತಾನೇ? ಬಂದವರಿಗೆ ಅರ್ಜಿ ಬರೆದುಕೊಡಿ. ಆಚೆ ಬಂದಾಗ ಏನಾಯ್ತು ಅಂತ ಕೇಳಿ ಬರ್ಕೊಳ್ಳಿ. ಅಂಕ ನಾನು ಕೊಡ್ತೀನಿ.”

ಇದನ್ನು ಕೇಳಿ ನಿರ್ದೇಶಕರು ಮೈ ಪರಚಿಕೊಂಡರು. ಆದರೆ ಅಂಕ ಕೊಡುವ ಅಧಿಕಾರ ಸಂಯೋಜಕರದು. ಅದನ್ನು ಕಸಿಯಬೇಕಾದರೆ ವಿಶ್ವವಿದ್ಯಾಲಯದ ಪರಿಷತ್ತು ಸಭೆ ಸೇರಬೇಕು. ಪರಿಷತ್ತು ಬೇಸಿಗೆ ರಜೆಯಲ್ಲಿತ್ತು.

ಹೀಗೆ ಆ ವರ್ಷದ ಇಂಟರ್ನ್‌ಶಿಪ್ ಬೀದಿಯಲ್ಲಿ ನಡೆಯಿತು. ಪ್ರತಿ ಕಚೇರಿಯ ಎದುರು ಇಬ್ಬರು ವಿದ್ಯಾರ್ಥಿಗಳು, ಎರಡು ಮಡಚುವ ಕುರ್ಚಿ, ಒಂದು ಛತ್ರಿ. ಪದವಿ ಮುಗಿಯಲು ಇನ್ನೂ ಒಂದು ವರ್ಷವಿದ್ದ ಬೇಕರಿಯವರ ಮಗಳು, ಮರು ಆಯ್ಕೆಯಾದ ಅಧ್ಯಕ್ಷೆಯಾಗಿ, ಅದೇ ಶಾಸಕರ ಬಾಗಿಲನ್ನು ತಾನೇ ಕೇಳಿ ಪಡೆದಳು. ಮೇಡಂ ನೀರಿನ ಬಾಟಲಿಗಳ ಚೀಲ ಹೊತ್ತು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ನಡೆಯುತ್ತಿದ್ದರು. ಎರಡನೆಯ ದಿನವೇ ಒಬ್ಬ ಪೊಲೀಸಿನವರು ಲಾಠಿ ಆಡಿಸುತ್ತ ಬಂದರು.

“ಇಲ್ಲಿ ಕೂರಕ್ಕೆ ಪರ್ಮಿಷನ್ ಇದ್ಯಾ ಮೇಡಂ?”

“ಇವರೆಲ್ಲ ಬೆಳಗ್ಗೆಯಿಂದ ನಿಂತಿದ್ದಾರಲ್ಲಪ್ಪಾ, ನಿಲ್ಲಕ್ಕೆ ಪರ್ಮಿಷನ್ ಯಾರು ಕೊಟ್ರು?”

ಪೊಲೀಸಿನವರು ಅರ್ಜಿ ಹಿಡಿದು ನಿಂತ ಜನರ ಸಾಲನ್ನೊಮ್ಮೆ ನೋಡಿದರು, ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಮೇಲೆ ತಮ್ಮ ಮನೆಯ ಸೋರುವ ಸೂರಿನ ಬಗ್ಗೆ ಒಂದು ಅರ್ಜಿ ಬರೆಸಿಕೊಂಡು ಹೋದರು.

ಒಳಗೆ ಕೂತ ವಿದ್ಯಾರ್ಥಿಗಿಂತ ಹೊರಗೆ ಕೂತವನು ದೊಡ್ಡ ತಲೆನೋವೆಂಬುದು ಕಚೇರಿಗಳಿಗೆ ಬೇಗನೆ ತಿಳಿಯಿತು. ಯಾರು ಎಷ್ಟು ಸಲ ಬಂದರು, ಯಾರನ್ನು ಬರಿಗೈಯಲ್ಲಿ ಕಳುಹಿಸಲಾಯಿತು, ಯಾವ ಬೀದಿಯವರು ಬಾಗಿಲು ದಾಟಲೇ ಇಲ್ಲ, ಎಲ್ಲವೂ ಹಗಲು ಬೆಳಕಿನಲ್ಲಿ, ದಾರಿಹೋಕರ ಕಣ್ಣೆದುರೇ ದಾಖಲಾಗುತ್ತಿತ್ತು. ಮೊದಲು ಒಬ್ಬ ಸಹಾಯಕ ಬಂದು “ಒಳಗೆ ಬನ್ರಪ್ಪಾ, ಫ್ಯಾನಿದೆ,” ಎಂದ. ಆಮೇಲೆ ಇನ್ನೊಂದು ಕಚೇರಿ, ಮತ್ತೊಂದು. ಕೊನೆಯವರೆಗೂ ಬಿಗಿದುಕೊಂಡಿದ್ದವರು ಆ ಶಾಸಕರೊಬ್ಬರೇ. ಒಂದು ಮಧ್ಯಾಹ್ನ ಅವರೇ ಹೊರಬಂದು ಹುಡುಗಿಯ ಎದುರು ನಿಂತರು. ಚೀಲ ಹೊತ್ತ ಮೇಡಂ ಆಗಷ್ಟೇ ಅಲ್ಲಿಗೆ ತಲುಪಿದ್ದರು.

“ಸಾಕಮ್ಮಾ ಹಠ. ಬಿಸಿಲಿದೆ, ಒಳಗೆ ಬಾ.”

ಹುಡುಗಿ ಎದ್ದು ನಿಂತಳು. “ಸರ್, ಇವರೆಲ್ಲ ನನಗಿಂತ ಮೊದಲು ಬಂದಿದ್ದಾರೆ.”

ಶಾಸಕರು ಸಾಲನ್ನು ನೋಡಿದರು. ಸಾಲು ಅವರನ್ನು ನೋಡಿತು. ಆಮೇಲೆ ಅವರು ಪಕ್ಕಕ್ಕೆ ಸರಿದು ಬಾಗಿಲು ಬಿಟ್ಟರು, ಜನ ಒಬ್ಬೊಬ್ಬರಾಗಿ ಒಳಗೆ ಹೋದರು. ಮೇಡಂ ಅವರಿಗೆ ಅಂದು ಆದ ಸಂತೋಷ ಅಷ್ಟಿಷ್ಟಲ್ಲ. ನಡುಬೀದಿಯಲ್ಲೇ ಕಣ್ಣು ತುಂಬಿ ಬಂತು. ಹಾಗೆಂದು ಅವರು ಭ್ರಮೆಯವರಲ್ಲ. ಮೇಜಿನ ಕೆಳಗಿನ ಪೆಟ್ಟಿಗೆ ಪಕ್ಕದ ಕೋಣೆಗೆ ಹೋಗಿರಲಿಕ್ಕೂ ಸಾಕು, ಅದನ್ನು ಹುಡುಕುವುದು ಮುಂದಿನ ತಂಡದ ಕೆಲಸ ಎಂದು ಮರುದಿನವೇ ಹೇಳಿದರು.

ಹುಡುಗಿ ಅಧ್ಯಕ್ಷೆಯಾಗಿಯೇ ಅವಧಿ ಮುಗಿಸಿದಳು. ಕ್ಷಮಾಪಣೆಯನ್ನು ಯಾರೂ ಬರೆಯಲಿಲ್ಲ. ಇಂದು ಆಕೆ ತಂದೆಯ ಬೇಕರಿಯನ್ನು ನಡೆಸುತ್ತ ಎರಡು ಬಾರಿ ಸ್ಥಳೀಯ ಚುನಾವಣೆಗೆ ನಿಂತು ಎರಡೂ ಬಾರಿ ಸೋತಿದ್ದಾಳೆ; ಮೂರನೆಯದಕ್ಕೆ ತಯಾರಾಗುತ್ತಿದ್ದಾಳೆ. ಪರಿಷತ್ತು ಕೊನೆಗೂ ಮೇಡಂ ಅವರನ್ನು ಕಾಯಂ ಮಾಡಿತು. ಅಡ್ಡಹೆಸರು ಮಾತ್ರ ಹೋಗಲಿಲ್ಲ.

ಈಗಿನ ನಿರ್ದೇಶಕರು ಗದರಿಸುವವರಲ್ಲ, ನಗುನಗುತ್ತ ಮಾತಾಡುವವರು. ಕಳೆದ ತಿಂಗಳು ಅವರು ಮೇಡಂ ಅವರ ಮುಂದೆ ಅಧಿಕಾರ ಹಸ್ತಾಂತರದ ಕಾಗದವನ್ನಿಟ್ಟರು. ಕೋಣೆಯ ಬೀಗದಕೈ, ಎರಡು ಬೀರು, ಮುದ್ರೆ ಎಂದು ಒಂದೊಂದು ಸಾಲಿನ ಎದುರೂ ಮೇಡಂ ಸಹಿ ಹಾಕುತ್ತ ಹೋದರು. ಕಟ್ಟಕಡೆಯಲ್ಲಿ, ಈ ವರ್ಷವಷ್ಟೇ ಹೊಸದಾಗಿ ಸೇರಿಸಿದ ಒಂದು ಸಾಲಿತ್ತು: ವಿದ್ಯಾರ್ಥಿ ಮಂಡಳಿಯ ಅಧ್ಯಕ್ಷರನ್ನು ನೇಮಿಸುವ ಅಧಿಕಾರ, ನಿರ್ದೇಶಕರ ವಶಕ್ಕೆ. ಅಲ್ಲಿ ಪೆನ್ನು ನಿಂತಿತು.

“ಇದು ನನ್ನ ಹತ್ರ ಒಂದು ದಿನಾನೂ ಇರ್ಲಿಲ್ಲ ಸರ್. ಇಲ್ಲದ್ದನ್ನ ಹೇಗೆ ಒಪ್ಪಿಸ್ಲಿ? ಇದು ಮಕ್ಕಳದು.”

“ಬರೀ ಫಾರ್ಮಾಲಿಟಿ ಮೇಡಂ. ಇದಕ್ಕೆ ಸೈನ್ ಹಾಕದಿದ್ರೆ ನಿಮ್ಮ ಪಿಂಚಣಿ ಕಾಗದ ಮುಂದೆ ಹೋಗಲ್ಲ.”

“ಹಾಗಾದ್ರೆ ನಿಲ್ಲಲಿ.”

ಈ ಸಂಪುಟ ಅಚ್ಚಿಗೆ ಹೋಗುತ್ತಿರುವ ಹೊತ್ತಿಗೆ ಪಿಂಚಣಿಯ ಕಾಗದ ನಿಂತಲ್ಲೇ ನಿಂತಿದೆ. ಕಳೆದ ವಾರ ವಿದ್ಯಾರ್ಥಿಗಳು ಎಂದಿನಂತೆ ಮತ ಹಾಕಿ ತಮ್ಮ ಹೊಸ ಅಧ್ಯಕ್ಷನನ್ನು ಆರಿಸಿಕೊಂಡಿದ್ದಾರೆ. ಇಂಥ ಹಿರಿಯರಿಗೆ ವಿಶ್ರಾಂತಿಯನ್ನು ಕೋರುವುದು ಅವಿನಯವಾದೀತು. ಮಾಡಬೇಕಾದ ಕೆಲಸ ಇನ್ನೂ ಇದೆ, ಅದು ಅವರಿಗೂ ಗೊತ್ತು. ಅವರ ಆಯುಸ್ಸು ಬೆಳೆಯಲಿ, ಕಾಲಲ್ಲಿ ಕಸುವಿರಲಿ, ದನಿ ಗಟ್ಟಿಯಾಗಿರಲಿ. ಆ ಕಾಗದದ ಕಡೆಯ ಸಾಲಿನೆದುರಿನ ಜಾಗ ಖಾಲಿಯಾಗಿಯೇ ಉಳಿಯಲಿ.