ಚಾಳೀಸು ಕೊಳ್ಳದ ಮೋಟಾರ್ ಸೈಕಲ್ಲುಗಳು

ಮೋಟಾರ್ ಸೈಕಲ್ ವಿಷಯದಲ್ಲಿ ನನ್ನ ಮಾತು ಕೇಳಿ ಕೆಟ್ಟವನು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಬಸ್ ನಿಲ್ದಾಣದ ಎದುರು ಮೂವತ್ತೆರಡು ವರ್ಷ ಪತ್ರಿಕೆ ಅಂಗಡಿ ಇಟ್ಟವನು ನಾನು. ಅಷ್ಟು ವರ್ಷ ಬಂದ ಮೋಟಾರ್ ಪತ್ರಿಕೆಗಳನ್ನೆಲ್ಲ ಗಿರಾಕಿಯ ಕೈಗೆ ಹೋಗುವ ಮೊದಲೇ, ಮಡಿಕೆ ಕೆಡದ ಹಾಗೆ ಓದಿ ಮುಗಿಸಿದ್ದೇನೆ. ಅವನ್ನು ಒಂದರ ಮೇಲೊಂದು ಪೇರಿಸಿದ್ದರೆ ಚಂದ್ರ ಎಡವಿ ಬೀಳುತ್ತಿದ್ದ. ಬೀದಿಯ ಆ ತುದಿಯಲ್ಲಿ ಇಂಜಿನ್ ಕೆಮ್ಮಿದರೆ ಈ ತುದಿಯಲ್ಲಿ ಕೂತು ಯಾವ ಬೋಲ್ಟಿಗೆ ನೆಗಡಿಯಾಗಿದೆ ಎಂದು ಹೇಳುತ್ತಿದ್ದೆ.

ಹಾಗಿರುವಾಗ, ದೂರ ಪ್ರಯಾಣಕ್ಕೆ ಒಂದು ಮೋಟಾರ್ ಸೈಕಲ್ ಬೇಕೆನಿಸಿದ ನನ್ನ ತಂಗಿಯ ಗಂಡ ಇನ್ಯಾರ ಹತ್ತಿರ ಹೋಗಬೇಕು?

ಅವನದು ಕನ್ನಡಕದ ಅಂಗಡಿ. ಬೀದಿಯವರೆಲ್ಲ ಅವನನ್ನು ಕರೆಯುವುದೇ ಚಾಳೀಸು ಎಂದು. ಒಳಗೆ ಒಂದು ಎತ್ತರದ ಕುರ್ಚಿ, ಎದುರು ಗೋಡೆಯಲ್ಲಿ ಕುಂಬಳದಿಂದ ಸಾಸಿವೆಯವರೆಗೆ ಇಳಿಯುವ ಅಕ್ಷರಗಳ ಹಲಗೆ, ಪಕ್ಕದಲ್ಲಿ ನೂರಾರು ಗಾಜುಗಳನ್ನು ಸಾಲಾಗಿ ನಿಲ್ಲಿಸಿದ ಮರದ ಪೆಟ್ಟಿಗೆ. ಗಿರಾಕಿಯ ಮೂಗಿನ ಮೇಲೆ ಖಾಲಿ ಚೌಕಟ್ಟು ಏರಿಸಿ ಒಂದು ಗಾಜು ಹಾಕುತ್ತಾನೆ, ತೆಗೆದು ಇನ್ನೊಂದು ಹಾಕುತ್ತಾನೆ. "ಮೊದಲಿನದು ಚೆನ್ನಾಗಿತ್ತಾ, ಈಗಿನದಾ?" ಗಿರಾಕಿ ಒಂದು ಉಸಿರಿನಷ್ಟು ತಡಮಾಡಿದರೂ ಅವನ ಕೈ ಮೂರನೆಯ ಗಾಜಿಗೆ ಹೋಗುತ್ತದೆ. ಅನುಮಾನವಿದ್ದರೆ ಇನ್ನೊಂದು ಗಾಜು, ಇದು ಅವನ ಕಸುಬಿನ ಕಟ್ಟುಪಾಡು. ಅದರ ದೆಸೆಯಿಂದಲೇ ಹಿಂದಿನ ಬೀದಿಯ ತೊಂಬತ್ತರ ಅಜ್ಜಿ ಈಗ ಇರುವೆಯ ಕಾಲು ಎಣಿಸಿ, ಒಂದು ಕುಂಟುತ್ತಿದೆ ಎಂದು ಮರುಗುತ್ತಾಳೆ.

ನನ್ನ ತಂಗಿ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ನಮ್ಮ ಊರ ಪಕ್ಕದ ನದಿಯನ್ನು ಬೆಟ್ಟದಿಂದ ಸಮುದ್ರದವರೆಗೆ ಸೀಮೆಸುಣ್ಣದಲ್ಲಿ ಸಾವಿರ ಸಲ ಎಳೆದಿದ್ದಳು, ಆದರೆ ಊರ ಸೇತುವೆ ದಾಟಿ ಅದು ಎತ್ತ ತಿರುಗುತ್ತದೆಂದು ಕಣ್ಣಾರೆ ಕಂಡಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು: "ನದಿ ಪಕ್ಕದಲ್ಲೇ ರಸ್ತೆ ಇದೆ ರೀ, ಸಮುದ್ರದವರೆಗೂ. ಬಸ್ಸು ಬೇಡ, ಕಿಟಕಿಯ ಅಗಲದಷ್ಟೇ ಕಾಣುತ್ತೆ. ಒಂದು ಒಳ್ಳೇ ಗಾಡಿ ತಗೊಳ್ಳಿ. ಹಿಂದೆ ಕೂತು ಪೂರ್ತಿ ನೋಡ್ಬೇಕು."

ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಮಾರನೆಯ ಬೆಳಿಗ್ಗೆ ಚಾಳೀಸು ನನ್ನ ಅಂಗಡಿ ಮುಂದೆ ನಿಂತಿದ್ದ. "ಭಾವ, ಎರಡು ನೋಡಿದೀನಿ. ಒಂದು ಭಾರ, ಆನೆ ನಡೆದ ಹಾಗೆ ಗಂಭೀರವಾಗಿ ಹೋಗುತ್ತೆ. ಇನ್ನೊಂದು ಹಗುರ, ಕೆಟ್ಟ ರಸ್ತೆಗೆ ಹೇಳಿ ಮಾಡಿಸಿದ್ದು. ಯಾವುದು ತಗೊಳ್ಳಲಿ?"

ಯಾವುದೋ ಒಂದನ್ನು ಹೇಳಿ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಓದಿದವನ ನಾಲಿಗೆ ಸುಮ್ಮನಿರುತ್ತದೆಯೇ?

"ಭಾರದ್ದನ್ನ ಇಕ್ಕಟ್ಟಿನಲ್ಲಿ ತಿರುಗಿಸೋಕೆ ನಾಲ್ಕು ಜನ ಬೇಕು. ಹಗುರದ್ದಕ್ಕೆ ಟ್ಯಾಂಕ್ ಚಿಕ್ಕದು, ಪೆಟ್ರೋಲ್ ಬಂಕಿಂದ ಬಂಕಿಗೆ ಹಾರ್ತಾ ಹೋಗ್ಬೇಕು. ಎರಡು ಸಿಲಿಂಡರಿನದೊಂದು ಬರ್ತಾ ಇದೆ, ಆರು ತಿಂಗಳು ತಡಿ" ಎಂದೆ.

ಅವನು ಒಂದು ಉಸಿರಿನಷ್ಟು ತಡೆದ. ಅಷ್ಟೇ, ಕೆಲಸ ಕೆಟ್ಟಿತು.

ಎರಡು ಸಿಲಿಂಡರಿನದು ಬಂತು. ಅದರ ಬಿಸಿಗೆ ಓಡಿಸುವವನ ತೊಡೆ ಬೇಯುತ್ತದೆ ಎಂದು ಓದಿ ಹೇಳಿದೆ. ಗಾಳಿ ತಡೆಯುವ ಗಾಜಿನದು ಬಂತು. ಆ ಗಾಜು ಗಿಡ್ಡ, ಗಾಳಿ ನೇರ ಹಣೆಗೆ ಬಡಿಯುತ್ತದೆ ಎಂದೆ. ಚೈನೇ ಇಲ್ಲದ್ದು ಬಂತು, ಅದು ಕೆಟ್ಟರೆ ರಿಪೇರಿಗೆ ಮೂರು ಊರು ದಾಟಬೇಕು ಎಂದೆ. ಅವನು ಒಂದು ಪುಸ್ತಕ ಇಟ್ಟ. ಎಡ ಪುಟಕ್ಕೆ ಒಂದು ಗಾಡಿ, ಬಲ ಪುಟಕ್ಕೆ ಇನ್ನೊಂದು. ಗೆದ್ದದ್ದು ಮುಂದಿನ ಹಾಳೆಗೆ ಹೋಗಿ ಹೊಸದರ ಜೊತೆ ಕುಸ್ತಿಗೆ ನಿಲ್ಲುತ್ತಿತ್ತು. ಒಂದು ಶೋರೂಮಿನಲ್ಲಿ ಮೂವರು ಮ್ಯಾನೇಜರುಗಳು ಕೆಲಸಕ್ಕೆ ಸೇರಿ, ನಿವೃತ್ತರಾಗಿ, ಬೀಳ್ಕೊಡುಗೆಗೆ ಇವನನ್ನೂ ಕರೆದಿದ್ದರು.

ಗಾಡಿ ಓಡಿಸಿ ನೋಡುವಾಗ ಹಿಂದಿನ ಸೀಟಿಗೆ ತಂಗಿಯ ತೂಕದಷ್ಟೇ ಮರಳು ತುಂಬಿದ ಚೀಲ ಕಟ್ಟಿಕೊಂಡು ಹೋಗುತ್ತಿದ್ದ. ಇಬ್ಬರ ಭಾರಕ್ಕೆ ಬ್ರೇಕು ಹೇಗೆ ಹಿಡಿಯುತ್ತದೆ, ತಿರುವಿನಲ್ಲಿ ಹೇಗೆ ಬಾಗುತ್ತದೆ ಎಂದೆಲ್ಲ ತಿಳಿಯಬೇಕಲ್ಲ. ಅವಳನ್ನೇ ಯಾಕೆ ಕೂರಿಸಿಕೊಳ್ಳಬಾರದು ಎಂದು ಒಮ್ಮೆ ಅವರ ಮನೆಯ ಜಗಲಿಯಲ್ಲಿ ಕೂತು ಕೇಳಿದೆ.

"ಇದೇ ಅಂತ ಗಟ್ಟಿಯಾಗಲಿ ಭಾವ, ಆಮೇಲೆ ಕೂರಿಸ್ತೀನಿ. ಸುಮ್ಮನೆ ಆಸೆ ಹುಟ್ಟಿಸಿ ಬಿಡಬಾರದು."

ತಂಗಿ ಒಳಗಿನಿಂದ ಹೇಳಿದಳು: "ಆ ಮರಳಿನ ಚೀಲ ನನಗಿಂತ ಹೆಚ್ಚು ಊರು ನೋಡಿದೆ ಅಣ್ಣ. ಆ ಚೀಲಕ್ಕೇ ಒಂದು ಕನ್ನಡಕ ಹಾಕಿಸಿ."

ಆಮೇಲೆ ಹೊರಗೆ ಬಂದು ಗಂಡನ ಎದುರು ನಿಂತಳು. "ನನ್ನ ನೋಡೋಕೆ ಬಂದಾಗ ಒಂದು ಲೋಟ ನೀರು ಕುಡಿದು ಮುಗಿಸೋದ್ರೊಳಗೆ ಒಪ್ಕೊಂಡ್ರಿ. ಗಾಡಿಗೆ ಮಾತ್ರ ಇಷ್ಟು ವರ್ಷ ಬೇಕಾ?"

"ಆವತ್ತು ನನಗೆ ಅನುಮಾನ ಇರಲಿಲ್ಲ" ಎಂದ ಅವನು, ಪುಸ್ತಕದಿಂದ ತಲೆಯೆತ್ತದೆ.

ಅವಳಿಗೆ ಬೈಯಲೂ ಆಗಲಿಲ್ಲ, ನಗಲೂ ಆಗಲಿಲ್ಲ. ಒಳಗೆ ಹೋದಳು.

ಆ ವರ್ಷಗಳಲ್ಲೇ ಅವಳು ತರಗತಿಯಲ್ಲಿ ಕುರ್ಚಿ ಹಾಕಿಸಿಕೊಂಡಳು. ಮುಂದೆ ಮಹಡಿಯ ತರಗತಿ ಬಿಟ್ಟು ಕೆಳಗಿನದನ್ನು ಕೇಳಿ ಪಡೆದಳು. ಮನೆಯ ಮೂರು ಮೆಟ್ಟಿಲನ್ನು ಗೋಡೆ ಹಿಡಿದು, ಎರಡೂ ಕಾಲು ಒಂದೇ ಮೆಟ್ಟಿಲಿಗೆ ತಂದು ಇಳಿಯತೊಡಗಿದಳು. ಇದೆಲ್ಲ ನನ್ನೆದುರೇ ಆಯಿತು. ನಾನಾಗ ಯಾವುದೋ ಗಾಡಿಯ ಹಿಂದಿನ ಸ್ಪ್ರಿಂಗಿನ ವಿಚಾರ ಹೇಳುತ್ತಿದ್ದೆ.

ಗಾಡಿ ಹುಡುಕತೊಡಗಿದ ಹದಿನಾಲ್ಕನೆಯ ವರ್ಷ ತಂಗಿ ನಿವೃತ್ತಳಾದಳು. ಮರುವಾರವೇ ಚಾಳೀಸು ಬಂದು ಪುಸ್ತಕ ತೆರೆದು ತೋರಿಸಿದ. ಎಡ ಪುಟ ತುಂಬಿತ್ತು, ಬಲ ಪುಟ ಖಾಲಿ. "ಇದೇ. ಇನ್ನು ಮಾತಿಲ್ಲ. ನಡೀರಿ."

ಮೂವರೂ ಶೋರೂಮಿಗೆ ಹೋದೆವು. ಗಾಡಿ ನಿಜಕ್ಕೂ ರಾಜ. ಮೋಡದ ಬಣ್ಣ, ಎದೆಯೆತ್ತರದ ಗಾಜು, ಎರಡು ಪಕ್ಕಕ್ಕೂ ಸಾಮಾನಿನ ಪೆಟ್ಟಿಗೆ, ಸೋಫಾದಂಥ ಸೀಟು. ತಂಗಿ ಗಾಳಿಗೆ ಕೂದಲು ಹಾರದಿರಲೆಂದು ಮನೆಯಿಂದಲೇ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದಿದ್ದಳು. ಚಾಳೀಸು ಮುಂದೆ ಕೂತ.

"ಹತ್ತಿ ಮೇಡಂ" ಎಂದ ಸೇಲ್ಸ್‌ನವನು.

ಗಂಡನ ಹೆಗಲ ಮೇಲೆ ಕೈಯಿಟ್ಟು ಅವಳು ಕಾಲೆತ್ತಿದಳು. ಕಾಲು ಪೆಟ್ಟಿಗೆಯ ಅಂಚಿನವರೆಗೆ ಹೋಗಿ ನಿಂತಿತು. ಇನ್ನೊಮ್ಮೆ ಎತ್ತಿದಳು, ಅಲ್ಲಿಗೇ ನಿಂತಿತು. ಸೇಲ್ಸ್‌ನವನು ಪೆಟ್ಟಿಗೆಗಳನ್ನು ಬಿಚ್ಚಿಟ್ಟ. ಆಗಲೂ ಮೊಣಕಾಲು ಮಡಚಲಾಗಲಿಲ್ಲ. ಅವನು ಶೋರೂಮಿನ ಎತ್ತರದ ಕಿಟಕಿ ಗಾಜು ಒರೆಸಲು ಇಟ್ಟಿದ್ದ ಸ್ಟೂಲು ತಂದು ಹಾಕಿದ. ಅವಳು ನನ್ನ ಕೈ ಹಿಡಿದು ಸ್ಟೂಲು ಹತ್ತಿದಳು, ಕಾಲೆತ್ತಿದಳು. ಅವಳ ಮೊಣಕಾಲಿನಿಂದ ಒಣ ಕಡ್ಡಿ ಮುರಿದಂಥ ಸದ್ದು ನಮಗೆಲ್ಲ ಕೇಳಿಸಿತು. ನನ್ನ ಬೆರಳುಗಳನ್ನು ಹಿಂಡಿ ಹಿಡಿದು ಮೆಲ್ಲಗೆ ಇಳಿದಳು.

ಚಾಳೀಸು ತಿರುಗಿ ನೋಡಲಿಲ್ಲ. ಅವನ ಮುಂದಿದ್ದ ಕನ್ನಡಿಯಲ್ಲಿ ಎಲ್ಲವೂ ಕಾಣುತ್ತಿತ್ತು.

"ಹತ್ತು ವರ್ಷದ ಹಿಂದೆ ಆಗಿದ್ರೆ ಹಾರಿ ಕೂತಿರ್ತಿದ್ದೆ" ಎಂದು ಅವಳು ಸೇಲ್ಸ್‌ನವನಿಗೆ ಹೇಳಿದಳು, ತಪ್ಪು ತನ್ನದೇ ಎನ್ನುವ ಹಾಗೆ. ಅಂಗೈಯಿಂದ ಸೀಟನ್ನು ಒಮ್ಮೆ ಒತ್ತಿ ನೋಡಿದಳು. "ಮೆತ್ತಗಿದೆ ರೀ, ಒಳ್ಳೇದನ್ನೇ ಆರಿಸಿದೀರಿ." ಆಮೇಲೆ ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಅದನ್ನೇ ಮೊಣಕಾಲಿಗೆ ಸುತ್ತಿಕೊಂಡಳು.

ನನ್ನ ಮಾತು ಕೇಳಿ ಕೆಟ್ಟವನು ಈ ಊರಿನಲ್ಲಿ ಹುಟ್ಟಿಲ್ಲ ಎಂದೆನಲ್ಲ. ಕೆಟ್ಟವಳು ನಮ್ಮ ಮನೆಯಲ್ಲೇ ಹುಟ್ಟಿದ್ದಳು, ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಒಪ್ಪಿಕೊಳ್ಳುವುದಾದರೆ ಇದನ್ನೂ ಒಪ್ಪಿಕೊಳ್ಳುತ್ತೇನೆ: ನಾನು ಜನ್ಮದಲ್ಲಿ ಮೋಟಾರ್ ಸೈಕಲ್ ಓಡಿಸಿದವನಲ್ಲ. ಸೈಕಲ್ಲನ್ನೂ ಇಳಿಜಾರಿನಲ್ಲಿ ಇಳಿದು ತಳ್ಳಿಕೊಂಡು ಹೋಗುವವನು.

ಆದರೂ ಹುಟ್ಟುಗುಣ ಸುಟ್ಟರೂ ಹೋಗದು. ನನ್ನ ನಾಲಿಗೆ ತನ್ನಷ್ಟಕ್ಕೆ ಹೊರಳಿತು: "ಬೇಜಾರು ಮಾಡ್ಕೋಬೇಡಪ್ಪ. ಬರೋ ವರ್ಷ ಇದೇ ಗಾಡಿ ನಾಲ್ಕು ಬೆರಳು ತಗ್ಗಾಗಿ ಬರುತ್ತಂತೆ. ಅಲ್ಲೀವರೆಗೆ ತಡಿ."

ಚಾಳೀಸು ಗಾಡಿಯಿಂದ ಇಳಿದ. ಬೀಗದ ಕೈಯನ್ನು ಸೇಲ್ಸ್‌ನವನಿಗೆ ಕೊಟ್ಟು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ.

"ಗಾಡಿ ನಾಲ್ಕು ಬೆರಳು ತಗ್ಗುತ್ತೆ, ಸರಿ ಭಾವ. ಅಷ್ಟರಲ್ಲಿ ಇವಳು ಕಾಲೆತ್ತೋದು ಎಷ್ಟು ಬೆರಳು ತಗ್ಗಿರುತ್ತೆ? ಅದನ್ನೂ ಎಲ್ಲಾದ್ರೂ ಓದಿದ್ರೆ ಹೇಳಿ."