ಲಬೀಬನ ಯಂತ್ರಕ್ಕೆ ಬರೆದ ಸಾಲುಗಳು

ಅಲೆಕ್ಸಾಂಡ್ರಿಯಾದ ವಗ್ದಿ ಶನೂದಾನಿಗೆ ಎರಡು ಕೆಲಸ. ಬಂದರಿನ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ಒಂದು, ಅದಕ್ಕೆ ಸಂಬಳವಿತ್ತು. ಇನ್ನೊಂದು, ಕಾಲೇಜು ಮುಗಿಸಿದ ಹುಮ್ಮಸ್ಸಿನಲ್ಲಿ ತಾನೇ ಬರೆದ ‘ಬರ್ದಿ’ ಎಂಬ ಎಡಿಟರ್ ತಂತ್ರಾಂಶವನ್ನು ಸಾಕುವುದು, ಅದಕ್ಕೆ ಬೈಗುಳವಿತ್ತು. ಬರ್ದಿಗೆ ಚಿತ್ರವಿಲ್ಲ, ಮೌಸ್ ಬೇಡ. ಕಪ್ಪು ಪರದೆಯ ಮೇಲೆ ಕೀಲಿ ಒತ್ತಿ ಬರಹ ತಿದ್ದಬಹುದು, ಅಷ್ಟೆ. ಆದರೆ ಯಾವ ಕಂಪ್ಯೂಟರ್ ಯಂತ್ರಕ್ಕೆ ಹಾಕಿದರೂ ಅದು ಓಡಬೇಕೆಂಬುದು ಅವನ ಹಟ. ಒಂದೊಂದು ಯಂತ್ರಕ್ಕೆ ಒಂದೊಂದು ಚಾಳಿ. ಹಾಗಾಗಿ ಕೋಡಿನ ತುಂಬ ‘ಈ ಯಂತ್ರವಾದರೆ ಹೀಗೆ, ಆ ಯಂತ್ರವಾದರೆ ಹಾಗೆ’ ಎಂಬ ತೇಪೆಗಳು. ಊರಿಗೆಲ್ಲ ಒಂದೇ ಅಂಗಿ ಹೊಲಿಯಲು ಹೊರಟವನ ಪಾಡು.

ಈಗ ಅವನಿಗೆ ಸಾಕುಸಾಕಾಗಿತ್ತು. ಕಣ್ಣು ಉರಿ, ಸೊಂಟ ನೋವು. ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದ್ದುದು ಗೆಳೆಯ ಲಬೀಬನ ಯಂತ್ರ. ಪೋರ್ಟ್ ಸೈದಿನ ಮುದ್ರಣಾಲಯದಲ್ಲಿ ಅವನು ಬರ್ದಿ ಹಾಕಿಕೊಂಡು ಅಚ್ಚಿನ ಬರಹ ತಿದ್ದುತ್ತಿದ್ದ ಆ ಹಳೆಯ ಭಾರೀ ಕಂಪ್ಯೂಟರಿನ ರೀತಿಯೇ ಬೇರೆ. ಅಂಥದ್ದೇ ಒಂದು ವಗ್ದಿಯ ಮನೆಯಲ್ಲೂ ಇತ್ತು, ಸುಟ್ಟುಹೋಯಿತು. ಅಂದಿನಿಂದ ಬರ್ದಿಯ ಹೊಸ ಆವೃತ್ತಿ ತಯಾರಾದಾಗಲೆಲ್ಲ ಮೊದಲು ಲಬೀಬನಿಗೆ ಕಳಿಸುವುದು, ಅವನು ಓಡಿತೆಂದ ಮೇಲೆಯೇ ಮಿಕ್ಕವರಿಗೆ ಬಿಡುವುದು. ಆ ಜಾತಿಯ ಯಂತ್ರ ಬಳಸುವವರು ಬೇರೆ ಯಾರೂ ಉಳಿದಿರಲಿಲ್ಲ. ಅದಕ್ಕಾಗಿ ಬರೆದ ಕೋಡಿನ ಸಾಲುಗಳನ್ನು ಕಿತ್ತರೆ ಅರ್ಧ ಭಾರ ಇಳಿಯುತ್ತಿತ್ತು, ಆದರೆ ಗೆಳೆಯನ ಅನ್ನಕ್ಕೆ ಕಲ್ಲು ಹಾಕಿದಂತಾಗುತ್ತಿತ್ತು.

"ಫೋನ್ ಮಾಡಿ ಹೇಳ್ಬಿಡಿ, ನನ್ ಕೈಲಿ ಆಗಲ್ಲ ಅಂತ," ಎಂದಳು ಹೆಂಡತಿ ಇರೀನ್, ಬೇಯಿಸಿದ ಕಾಳಿನ ಫೂಲ್ ಬಟ್ಟಲು ಮುಂದಿಡುತ್ತ. "ಲೋಕದಲ್ಲಿರೋ ಗುಜರಿಗೆಲ್ಲ ನೀವೇ ಅಪ್ಪನಾ?"

"ಅವ್ನು ಬೇಜಾರು ಮಾಡ್ಕೋತಾನೆ ಕಣೆ."

"ನೀವು ಮಾಡ್ಕೊಂಡಿರೋದಕ್ಕಿಂತ್ಲೂನಾ?"

ವಗ್ದಿ ಬಟ್ಟಲು ಪಕ್ಕಕ್ಕೆ ಸರಿಸಿ ಕೆಲಸಕ್ಕೆ ಕೂತ. ಕೋಡಿನಲ್ಲಿ ಆ ಯಂತ್ರದ ಭಾಗ ತೆರೆದು ಓದುತ್ತಿದ್ದವನು ಒಂದು ಸಾಲಿನಲ್ಲಿ ಗಕ್ಕನೆ ತಡೆದ. ತೆರೆದ ಒಂದು ಬ್ರಾಕೆಟ್ಟನ್ನು ಮುಚ್ಚುವ ಚಿಹ್ನೆ ಇರಲಿಲ್ಲ. ಹೋದ ಸಲ ತಿದ್ದುವಾಗ ತನ್ನ ಕೈಯಿಂದಲೇ ಅಳಿಸಿಹೋಗಿತ್ತು. ಬೇರೆ ಯಂತ್ರಗಳು ಆ ಭಾಗವನ್ನು ಓದುವುದೇ ಇಲ್ಲ, ದಾಟಿಕೊಂಡು ಹೋಗುತ್ತವೆ. ಹಾಗಾಗಿ ಯಾರೂ ದೂರಿರಲಿಲ್ಲ. ಲಬೀಬನ ಯಂತ್ರ ಮಾತ್ರ ಅದನ್ನು ಓದಲೇಬೇಕು, ಓದಿದರೆ ಅಲ್ಲೇ ಮುಗ್ಗರಿಸಬೇಕು. ಆದರೂ ಲಬೀಬ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡುತ್ತಿದೆ ಎಂದಿದ್ದ.

ವಗ್ದಿ ಫೋನ್ ಮಾಡಿದ.

"ಹೋದ ಸಲದ್ದು ನಿನ್ ಯಂತ್ರದಲ್ಲಿ ಹಾಕಿ ನೋಡಿದ್ಯಾ?"

"ನೋಡ್ದೆನಲ್ಲ ಇಂಜಿನಿಯರ್ ಸಾಹೇಬ್ರೇ! ಯಾಕೆ?"

"ಅದು ಓಡೋಕೆ ಸಾಧ್ಯಾನೇ ಇಲ್ಲ ಕಣೋ. ನಾನು ತಪ್ಪು ಮಾಡಿದೀನಿ ಅದ್ರಲ್ಲಿ."



"ಯಂತ್ರ ಎಲ್ಲಿದೆ ಮಾರಾಯ? ಪ್ರೆಸ್ ಮುಚ್ಚಿದಾಗ್ಲೇ ಗುಜರಿಗೆ ಹೋಯ್ತು."

"ಪ್ರೆಸ್ ಮುಚ್ತಾ? ಯಾವಾಗ? ಮತ್ತೆ ಇಷ್ಟು ದಿನ ಸುಳ್ಳು ಯಾಕೋ ಹೇಳ್ದೆ, ಕತ್ತೆ?"

"ನಿಜ ಹೇಳಿದ್ರೆ ನೀನು ಫೋನ್ ಮಾಡ್ತಿದ್ಯಾ? ಪ್ರತಿ ಸಲಾನೂ ಯಂತ್ರ ಹೇಗಿದೆ ಅಂತ ಕೇಳ್ದೆ. ನಾನ್ ಹೇಗಿದೀನಿ ಅಂತ ಒಂದ್ಸಲನಾದ್ರೂ ಕೇಳಿದ್ಯಾ?"

ವಗ್ದಿಗೆ ಮೈಯೆಲ್ಲ ಉರಿಯಿತು. ಇಲ್ಲದ ಯಂತ್ರಕ್ಕಾಗಿ ಸವೆಸಿದ ರಜಾದಿನಗಳೆಲ್ಲ ನೆನಪಾದವು. ಉರಿ ಆರಿದ ಮೇಲೆ ನಾಚಿಕೆಯಾಯಿತು. ಫೋನು ಕಿವಿಗಿಟ್ಟುಕೊಂಡೇ ಆ ಸಾಲುಗಳನ್ನೆಲ್ಲ ಗುರುತು ಹಾಕಿ ಅಳಿಸಿದ. ಇಷ್ಟು ವರ್ಷ ಹೊತ್ತಿದ್ದು ಒಂದು ಕೀಲಿ ಒತ್ತಿದ್ದಕ್ಕೇ ಹೋಯಿತು. ಆದರೂ ಹಗುರಾಗಲಿಲ್ಲ, ದಣಿವು ಎಲುಬಿಗೇ ಇಳಿದಿತ್ತು.

"ಹೇಗಿದೀಯೋ ಲಬೀಬ್?" ಎಂದ.

ಆ ಕಡೆ ಲಬೀಬ ಕೆಮ್ಮಿದ, ಏನೋ ಹೇಳಹೊರಟು ನಿಲ್ಲಿಸಿದ. ಇಷ್ಟು ದಿನ ಸರಾಗವಾಗಿ ಸುಳ್ಳು ಹೇಳಿದವನಿಗೆ, ನಿಜವನ್ನು ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ.