ಕೋತಿಗೆ ಕೆಲಸ ಕೊಟ್ಟ ದನದ ಡಾಕ್ಟರು

ಶನಿವಾರ ಮಧ್ಯಾಹ್ನ ಮೂರೂಕಾಲಿಗೆ ನನ್ನ ಜಡೆ ಕೋತಿಯ ಕೈಗೆ ಸಿಕ್ಕಿತು. ತಲೆ ಹಿಂದಕ್ಕೆ ಬಾಗಿ ಬೋನಿನ ಸರಳಿಗೆ ಒತ್ತಿಕೊಂಡಿತ್ತು. ಯಾರ ಮುಖವೂ ಕಾಣುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಓರೆಗಣ್ಣಿಗೆ ಎರಡು ಕೈ ಕಂಡವು. ಉಗುರಿನ ಸಂದಿಯಲ್ಲಿ ಬೆಲ್ಲ ಮೆತ್ತಿತ್ತು, ಬೆರಳ ತುದಿಗೆ ಶೇಂಗಾದ ಕೆಂಪು ಸಿಪ್ಪೆ ಅಂಟಿತ್ತು. ಅವು ನಮ್ಮ ಡಾಕ್ಟರ ಕೈ ಎಂದು ಗೊತ್ತಾದ ಕೂಡಲೇ ನಾನು ಕಿರುಚುವುದನ್ನು ನಿಲ್ಲಿಸಿದೆ.

ಎಂಬತ್ತರ ದಶಕದ ಮಾತು. ಕಾಲುವೆ ನೀರಿನಲ್ಲಿ ಕಬ್ಬು ಬೆಳೆದು ದೊಡ್ಡವರಾದ ಯಜಮಾನರೊಬ್ಬರು ಹೊಸಪೇಟೆಯ ಹೊರಗೆ ಒಂದು ಸಣ್ಣ ಪ್ರಾಣಿವನ ಮಾಡಿದ್ದರು. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ ನಾನು ಅಲ್ಲಿ ಬಂದವರಿಗೆ ಪ್ರಾಣಿಗಳ ವಿಷಯ ಹೇಳುವ ಕೆಲಸಕ್ಕೆ ಸೇರಿದ್ದೆ. ಡಾಕ್ಟರು ಸರ್ಕಾರಿ ದನದ ಆಸ್ಪತ್ರೆಯಿಂದ ನಿವೃತ್ತರಾದವರು. ಹಣೆಗೆ ನಾಮ, ಹೆಗಲಿಗೆ ಖಾಕಿ ಚೀಲ. ಊರಿನವರಿಗೆ ಅವರು ಕೊನೆಯವರೆಗೂ ದನದ ಡಾಕ್ಟರೇ.

ಬೋನಿನಲ್ಲಿದ್ದದ್ದು ನಮ್ಮ ಹಂಪಿಯ ಮಂಗನಲ್ಲ, ಉತ್ತರದ ಕಡೆಯ ಕೆಂಪು ಮೂತಿಯ ಗಂಡು ಕೋತಿ. ಎಲ್ಲೋ ಮುಚ್ಚಿಹೋದ ಪ್ರಯೋಗಾಲಯದಿಂದ ಬಂದದ್ದು. ಅಲ್ಲಿ ಎದ್ದು ತಿರುಗಲೂ ಜಾಗವಿಲ್ಲದ ಕಬ್ಬಿಣದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇತ್ತಂತೆ. ಬಂದಾಗ ಅದರ ಎಡ ತೋಳಿನ ಮೇಲೆ ಒಂದು ಕೂದಲೂ ಇರಲಿಲ್ಲ. ತಾನೇ ಕಿತ್ತುಕೊಂಡಿತ್ತು. ಕಿತ್ತ ಜಾಗವನ್ನು ತಾನೇ ಕಚ್ಚಿಕೊಳ್ಳುತ್ತಿತ್ತು. ಮುಲಾಮು ಹಚ್ಚುವುದಿಲ್ಲವೇ ಎಂದು ನಾನು ಕೇಳಿದ್ದೆ.

"ಅದಕ್ಕ ರೋಗ ಇಲ್ಲ ತಂಗಿ, ಕೆಲಸ ಇಲ್ಲ," ಅಂದರು ಡಾಕ್ಟರು. "ಅಡವ್ಯಾಗ ಇದ್ದಿದ್ರ ಬೆಳಗಿಂದ ಸಂಜಿತನ ಹುಡುಕಿ ಹುಡುಕಿ ತಿಂತಿತ್ತು. ಇಲ್ಲಿ ತಾಟಿನ್ಯಾಗ ಹಾಕ್ತೀವಿ, ಎರಡು ಗಳಿಗಿಗೆ ಖಾಲಿ. ಉಳಿದ ಹೊತ್ತು ಅದು ಏನು ಮಾಡಬೇಕು? ತನ್ನ ಕೂದಲನ ಕೀಳತೈತಿ."

ಅಂದಿನಿಂದ ಅದರ ಊಟವನ್ನು ಬಚ್ಚಿಡುವುದೇ ಅವರ ಚಿಕಿತ್ಸೆ. ಶೇಂಗಾವನ್ನು ಭತ್ತದ ಹೊಟ್ಟಿನಲ್ಲಿ ಬೆರೆಸುವರು. ಹಳೇ ಟೈರಿನ ಒಳಗೆ ಬೆಲ್ಲ ಮೆತ್ತುವರು. ಕಂಪ್ಲಿಯಿಂದ ಬಾಳೆದಿಂಡು ಹೊತ್ತು ತಂದು ಸೀಳಲು ಬಿಡುವರು. ಹಂಪಿಯ ಗುಡಿಗೆ ಹೋಗಿ ಒಡೆದ ತೆಂಗಿನಕಾಯಿಯ ಚಿಪ್ಪು ಕೇಳುವರು. ಅಲ್ಲಿನ ಅರ್ಚಕರೊಬ್ಬರು, "ಎಲ್ಲಾರು ಕೊಬ್ಬರಿಗೆ ಕೈ ಒಡ್ಡತಾರ, ನೀವೊಬ್ಬರು ಚಿಪ್ಪಿಗೆ ಬರ್ತೀರಲ್ಲರಿ," ಎಂದು ನಗುತ್ತಿದ್ದರು. ಎಲ್ಲಕ್ಕಿಂತ ಕೋತಿಗೆ ಇಷ್ಟವಾದದ್ದು ಗಂಟು. ಹಳೆಯ ಬಟ್ಟೆಯಲ್ಲಿ ಶೇಂಗಾ ಇಟ್ಟು ಗಂಟಿನ ಮೇಲೆ ಗಂಟು ಬಿಗಿದು ಕೊಟ್ಟರೆ, ತುಟಿ ಮುಂದೆ ಮಾಡಿ ಗಡಿಯಾರ ರಿಪೇರಿಯವನ ಹಾಗೆ ಕೂತುಬಿಡುತ್ತಿತ್ತು. ಡಾಕ್ಟರು ಅದನ್ನು ಸಾಹೇಬರು ಎನ್ನುತ್ತಿದ್ದರು. "ಸಾಹೇಬರು ಡ್ಯೂಟಿ ಮ್ಯಾಲ ಅದಾರ, ಮಾತಾಡಿಸಬ್ಯಾಡ್ರಿ," ಎಂದು ಜನರನ್ನು ಆಚೆ ಕಳಿಸುತ್ತಿದ್ದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತೋಳಿನ ಮೇಲೆ ಮತ್ತೆ ಕೂದಲು ಬಂತು.

ಆದರೆ ಶನಿವಾರ ಬರುವವರಿಗೆ ಅದು ಹನುಮಪ್ಪ. ಬಾಳೆಹಣ್ಣು ತಂದು, ಕಣ್ಣಿಗೊತ್ತಿಕೊಂಡು, ಸರಳಿನೊಳಗೆ ಕೈಹಾಕಿ ಕೊಡುವರು. ದೇವರ ಮುಂದೆ ಹರಕು ಟೈರು, ಗೋಣಿತಟ್ಟು ಏನು ಚೆಂದ ಎಂದು ಕೆಲವರು ಯಜಮಾನರಲ್ಲಿ ಹೇಳಿದರು. ಯಜಮಾನರು ಭಕ್ತಿವಂತರು. ಡಾಕ್ಟರು ದನಗಳ ಶಿಬಿರಕ್ಕೆಂದು ಕಂಪ್ಲಿಗೆ ಹೋಗಿದ್ದ ವಾರ, ಬೋನಿನ ಒಳಗಿನದನ್ನೆಲ್ಲ ತೆಗೆಸಿ, ನೆಲ ತೊಳೆಸಿ, ಸರಳಿಗೆ ಕುಂಕುಮ ಹಚ್ಚಿಸಿ, ಚೆಂಡುಹೂವಿನ ಮಾಲೆ ಕಟ್ಟಿಸಿದರು. ಬೋನು ಗರ್ಭಗುಡಿಯಷ್ಟು ಸ್ವಚ್ಛವಾಯಿತು, ಅಷ್ಟೇ ಖಾಲಿಯಾಯಿತು. ನಾನು ಬೇಡವೆಂದಿದ್ದೆ. ಡಾಕ್ಟರು ಬರಲಿ, ನೋಡೋಣ ಎಂದರು ಯಜಮಾನರು.

ಶನಿವಾರದ ಹೊತ್ತಿಗೆ ಕೋತಿ ಅದೇ ನಾಲ್ಕು ಹೆಜ್ಜೆಯನ್ನು ಹಿಂದಕ್ಕೂ ಮುಂದಕ್ಕೂ ಹಾಕುತ್ತಿತ್ತು. ತೋಳಿನಲ್ಲಿ ಮತ್ತೆ ರಕ್ತ. ಮಗುವನ್ನೆತ್ತಿಕೊಂಡ ಒಬ್ಬಾಕೆ ತೀರ ಹತ್ತಿರ ಬಂದಾಗ ನಾನು ಬೋನಿಗೆ ಬೆನ್ನು ಮಾಡಿ ಅಡ್ಡ ನಿಂತೆ. ಆಗಲೇ ಜಡೆ ಹಿಂದಕ್ಕೆ ಎಳೆದಂತಾಯಿತು.

ಒಂದು ಕೈ ಜಡೆಗೆ, ಇನ್ನೊಂದು ನನ್ನ ಕಿವಿಗೆ. ಅದರ ಬಿಸಿಯುಸಿರು ಕುತ್ತಿಗೆಯ ಮೇಲೆ. ಕಾವಲುಗಾರ ಓಡಿಬಂದು ಬಡಿಗೆಯಿಂದ ಸರಳಿಗೆ ಹೊಡೆದ. ಹೊಡೆದಷ್ಟೂ ಹಿಡಿತ ಬಿಗಿಯಾಯಿತು, ಕಿವಿ ಹರಿಯಿತು. ಜನ ಕೈಮುಗಿದು ನಿಂತರು. ದೇವರಿಗೆ ಸಿಟ್ಟು ಬರಿಸುವಂಥದ್ದು ಏನು ಮಾಡಿದಳೋ ಎಂದು ಮುದುಕಿಯೊಬ್ಬಳು ಪಕ್ಕದವಳನ್ನು ಕೇಳಿದ್ದು ಇವತ್ತಿಗೂ ಆಕೆಯ ಧ್ವನಿಯಲ್ಲೇ ಕೇಳಿಸುತ್ತದೆ.

ಕಂಪ್ಲಿ ಬಸ್ಸಿನಿಂದ ಇಳಿದು ಚೀಲದ ಸಮೇತ ಬಂದ ಡಾಕ್ಟರು ಅವಸರ ಮಾಡಲಿಲ್ಲ. "ಲೇ, ಬಡಿಗಿ ಕೆಳಗ ಇಡು," ಅಂದರು ಕಾವಲುಗಾರನಿಗೆ. ಜನರನ್ನು ಹಿಂದೆ ಸರಿಸಿ ಕೂರಿಸಿದರು. ಆಮೇಲೆ ನನಗೆ: "ತಂಗಿ, ಎಳಿಬ್ಯಾಡ. ನಾ ಇಲ್ಲೇ ಅದೀನಿ."

ಬೋನಿನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಕೋತಿಯತ್ತ ನೋಡಲೇ ಇಲ್ಲ. ಹೆಗಲ ಟವೆಲಿನಲ್ಲಿ ಚೀಲದ ಶೇಂಗಾ, ಬೆಲ್ಲ ಸುರಿದು, ಪ್ರತಿದಿನದಂತೆ ನಿಧಾನವಾಗಿ ಗಂಟು ಹಾಕತೊಡಗಿದರು. ಒಂದು, ಅದರ ಮೇಲೊಂದು, ಮತ್ತೊಂದು. ಅದನ್ನು ಸರಳಿನ ಕೆಳಗಿನಿಂದ ಒಳಗೆ ತಳ್ಳಿ ಕೈಕಟ್ಟಿ ಕೂತರು.

ನನ್ನ ಕಿವಿಯ ಮೇಲಿನ ಬೆರಳು ಸಡಿಲವಾಯಿತು. ಕೋತಿ ಒಂದೇ ಕೈಯಲ್ಲಿ ಗಂಟನ್ನು ತಿರುಗಿಸಿ ನೋಡಿತು, ಹಲ್ಲಿನಿಂದ ಜಗ್ಗಿತು. ಆಗಲಿಲ್ಲ. ಅಷ್ಟೂ ಹೊತ್ತು ಜಡೆ ಅದರ ಇನ್ನೊಂದು ಕೈಯಲ್ಲೇ ಇತ್ತು. ಆಮೇಲೆ ಆ ಕೈಯೂ ಬಿಟ್ಟಿತು. ನಾನು ಮುಂದಕ್ಕೆ ಬಿದ್ದೆ.

"ಗಂಟು ಬಿಚ್ಚಾಕ ಎರಡೂ ಕೈ ಬೇಕವಾ," ಅಂದರು ಡಾಕ್ಟರು. ನನ್ನನ್ನು ಎತ್ತಿ ಕೂರಿಸಿ, ಚೀಲದಿಂದ ಹತ್ತಿ ತೆಗೆದು ಕಿವಿಗೆ ಒತ್ತಿದರು.

ಯಜಮಾನರು ಕೋತಿಗೆ ಸರಪಳಿ ಹಾಕಿಸಲು ಹೊರಟಾಗ, "ಬೋನು ಖಾಲಿ ಮಾಡಿದ್ದು ನಾವರಿ, ಶಿಕ್ಷಾ ಅದಕ್ಕ ಬ್ಯಾಡ," ಎಂದು ಡಾಕ್ಟರು ತಡೆದರು. ಟೈರು ಮರಳಿ ಬಂತು. ನನ್ನ ಕಿವಿಯ ಹೊಲಿಗೆಯೂ ಮಾಯಿತು. ನಿದ್ದೆ ಮಾತ್ರ ಬರಲಿಲ್ಲ. ದಿಂಬಿನ ಮೇಲೆ ಜಡೆ ಅಲುಗಿದರೂ ಬೆಚ್ಚಿ ಎದ್ದು ಕೂರುತ್ತಿದ್ದೆ. ನಾನಿದ್ದದ್ದು ಡ್ಯಾಂ ಕ್ವಾರ್ಟರ್ಸಿನ ಅಣ್ಣನ ಮನೆಯಲ್ಲಿ. ಡಾಕ್ಟರು ಅಲ್ಲಿಗೆ ಹಳೇ ಬಟ್ಟೆ, ಶೇಂಗಾ ಹೊತ್ತು ಬಂದರು. ಧೈರ್ಯದ ಮಾತೊಂದನ್ನೂ ಆಡಲಿಲ್ಲ. ತಮಗೆ ವಯಸ್ಸಾಯಿತು, ಬೆರಳು ನೋಯುತ್ತವೆ, ಗಂಟು ಕಟ್ಟಿಕೊಡು ಎಂದರು. ಮರುದಿನ ಬಂದು, ನನ್ನ ಗಂಟು ಸಾಹೇಬರಿಗೆ ಒಂದು ಆಕಳಿಕೆಯಷ್ಟೂ ಹೊತ್ತಾಗಲಿಲ್ಲ ಎಂದು ಹಂಗಿಸಿದರು. ನನಗೆ ರೋಷ ಬಂತು. ಇನ್ನೂ ಬಿಗಿಯಾಗಿ ಕಟ್ಟಿದೆ. ಹೀಗೆಯೇ ದಿನಗಳು ಹೋದವು. ಬೋನಿನ ಹತ್ತಿರ ಬಾ ಎಂದು ಒಮ್ಮೆಯೂ ಅವರು ಕರೆಯಲಿಲ್ಲ.

ಡಾಕ್ಟರು ತೀರಿಕೊಂಡು ಎಷ್ಟೋ ವರ್ಷವಾಗಿದೆ. ಆ ಮಧ್ಯಾಹ್ನ ಈಗಲೂ ನನ್ನೊಳಗೆ ಮೊದಲಿನಿಂದ ಶುರುವಾಗುವುದುಂಟು. ಆದರೆ ಈಗ ಅದು ನಾನು ಬೀಳುವಲ್ಲಿಗೆ ಮುಗಿಯುವುದಿಲ್ಲ. ಇನ್ನೊಂದು ಬೆಳಗಿನವರೆಗೆ ಹೋಗುತ್ತದೆ. ಅಂದು ನಾನಾಗಿಯೇ ಹೋಗಿ, ಬೋನಿನಿಂದ ದೂರದ ಕಟ್ಟೆಯ ಮೇಲೆ ಡಾಕ್ಟರ ಪಕ್ಕ ಕೂತು, ನಾನು ಕಟ್ಟಿದ್ದನ್ನು ಕೋತಿ ಬಿಚ್ಚುವುದನ್ನು ನೋಡಿದೆ. ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿತು. ನನ್ನಲ್ಲಿ ಅದಕ್ಕೆ ಬೇಕಾದದ್ದೇನೂ ಇರಲಿಲ್ಲ. ಬೆನ್ನು ತಿರುಗಿಸಿ ತನ್ನ ಕೆಲಸಕ್ಕೆ ಹೋಯಿತು.

ಅಂದು ರಾತ್ರಿ ಉಂಡು ಮಲಗಿದೆ. ಮರುದಿನ ಕಣ್ಣುಬಿಟ್ಟಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಅಣ್ಣ ಆಫೀಸಿಗೆ ಹೋಗಿಯಾಗಿತ್ತು. ನನಗೆ ಎಚ್ಚರವಾದೀತೆಂದು ಅತ್ತಿಗೆ ಪಾತ್ರೆ ತೊಳೆಯದೆ ಸದ್ದಿಲ್ಲದೆ ಕೂತಿದ್ದಳು.